ಸದ್ದಿಗೂ ಶ್ರದ್ಧೆಗೂ ಏನು ಸಂಬಂಧ?

ಪ್ರತಿ ವರ್ಷ ದೀಪಾವಳಿ ಹತ್ತಿರ ಬಂದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ಪಟಾಕಿ ಪಕ್ಷ, ಇನ್ನೊಂದು ನಾಯಿ ಪಕ್ಷ. ನಾಯಿ ಪಕ್ಷದವರು "ದಯವಿಟ್ಟು ರಾತ್ರಿ ಹತ್ತರ ಮೇಲೆ ಬೇಡ" ಅಂತ ಕೈ ಮುಗಿಯೋ ಇಮೋಜಿ ಹಾಕ್ತಾರೆ. ಪಟಾಕಿ ಪಕ್ಷದವರು "ನಿಮಗೆ ನಮ್ಮ ಹಬ್ಬದ ಮೇಲೇ ಯಾಕಿಷ್ಟು ಕೋಪ?" ಅಂತ ಕೇಳ್ತಾರೆ. ಅಲ್ಲಿಗೆ ಮಾತು ನಾಯಿಯನ್ನು ಬಿಟ್ಟು ಧರ್ಮಕ್ಕೆ ಜಿಗಿಯುತ್ತೆ. ಪಟಾಕಿ ಹೊಡೆಯೋರು ಆಸ್ತಿಕರು, ಬೇಡ ಅನ್ನೋರು ನಾಸ್ತಿಕರು ಅಂತ ತೀರ್ಪೂ ಆಗಿಬಿಡುತ್ತೆ.

ಈ ಲೆಕ್ಕವನ್ನೇ ನಾನು ಒಪ್ಪಲ್ಲ. ನಾನು ದೇವರನ್ನು ನಂಬುವವಳು. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುತ್ತೇನೆ, ಪಾಡ್ಯದ ದಿನ ಹೋಳಿಗೆ ಮಾಡುತ್ತೇನೆ, ಬಾಲ್ಕನಿಯಲ್ಲಿ ಸಾಲಾಗಿ ಹಣತೆ ಇಡುತ್ತೇನೆ. ಹಬ್ಬ ನನಗೆ ಬೇಕು. ಸದ್ದೇ ಶ್ರದ್ಧೆ, ಜೋರಾದಷ್ಟೂ ಭಕ್ತಿ ಜಾಸ್ತಿ ಅನ್ನೋ ಹೊಸ ನಂಬಿಕೆ ಮಾತ್ರ ಬೇಡ. ಅದನ್ನು ನಮ್ಮ ಹಿರಿಯರ ತಲೆಗೆ ಕಟ್ಟೋದಂತೂ ಬೇಡವೇ ಬೇಡ.

ಮೊದಲು ಈ "ವರ್ಷಕ್ಕೆ ಒಂದೇ ದಿನ, ಸ್ವಲ್ಪ ಸಹಿಸಿಕೊಳ್ಳಿ" ಅನ್ನೋ ಮಾತು ತಗೊಳ್ಳೋಣ. ಯಾವ ಒಂದು ದಿನ ಸ್ವಾಮಿ? ನೀರು ತುಂಬುವ ಹಬ್ಬದ ರಾತ್ರಿಯೇ ಸಣ್ಣದಾಗಿ ಶುರುವಾಗುತ್ತೆ. ಚತುರ್ದಶಿ, ಅಮಾವಾಸ್ಯೆ, ಪಾಡ್ಯ ಸೇರಿ ಮೂರು ದಿನ. ಡಬ್ಬದಲ್ಲಿ ಉಳಿದ ಸರಕು ಖಾಲಿಯಾಗೋಕೆ ಇನ್ನೊಂದು ವಾರ. ತುಳಸಿ ಹಬ್ಬಕ್ಕೆ ಮತ್ತೊಂದು ಸುತ್ತು. ಅದಕ್ಕೆ ಮೊದಲು ಗಣೇಶನ ವಿಸರ್ಜನೆ, ಆಮೇಲೆ ಡಿಸೆಂಬರ್ 31ರ ರಾತ್ರಿ. ನಡುನಡುವೆ ಮದುವೆ ಮೆರವಣಿಗೆ, ಕ್ರಿಕೆಟ್ ಗೆದ್ದ ರಾತ್ರಿ, ಚುನಾವಣೆ ಫಲಿತಾಂಶ, ಹೀರೋನ ಸಿನಿಮಾ ಬಿಡುಗಡೆ, ಏರಿಯಾ ಲೀಡರ್ ಹುಟ್ಟುಹಬ್ಬ. ಇದರಲ್ಲಿ ಲಕ್ಷ್ಮೀಪೂಜೆಗೆ ಸೇರಿದ್ದು ಎಷ್ಟು, ಬರೀ ಗದ್ದಲಕ್ಕೆ ಸೇರಿದ್ದು ಎಷ್ಟು? ಪ್ರಾಮಾಣಿಕವಾಗಿ ಎಣಿಸಿ ನೋಡಿ.

ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ. ರಾಗಿ ಅಂತ ಒಂದು ಹೆಣ್ಣುನಾಯಿ. ನಮ್ಮ ಬೀದಿಯಲ್ಲೇ ಹುಟ್ಟಿದ್ದು, ಹುರಿದ ರಾಗಿಯ ಬಣ್ಣ, ಹದಿನೈದು ಕೆಜಿ ತೂಕ. ಇನ್ನೊಂದು ಮೊಸರು ಅನ್ನೋ ಬಿಳಿ ಬೆಕ್ಕು. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಶಬ್ದ ಕೇಳಿಸುತ್ತೆ. ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತೆ, ಬೆಕ್ಕಿಗೆ 60,000 ದಾಟಿಯೂ ಕೇಳಿಸುತ್ತೆ. ನಾವು ಅಡುಗೆಮನೆಯಲ್ಲಿ ಬಿಸ್ಕೆಟ್ ಪೊಟ್ಟಣ ಮುಟ್ಟಿದರೆ ಮೂರನೇ ಕೋಣೆಯಲ್ಲಿ ಮಲಗಿದ್ದ ರಾಗಿ ಎದ್ದು ಬರ್ತಾಳೆ. ಆ ಕಿವಿಯ ಪಕ್ಕ ಲಕ್ಷ್ಮೀ ಪಟಾಕಿ, ಆಟಂ ಬಾಂಬು ಸಿಡಿದರೆ ಏನಾಗಬಹುದು ಅಂತ ಊಹಿಸೋಕೆ ದೊಡ್ಡ ವಿಜ್ಞಾನ ಬೇಕಿಲ್ಲ. ನಮಗಾದರೆ ಇದು ಹಬ್ಬ ಅಂತ ಗೊತ್ತು, ನಾಳೆ ನಿಲ್ಲುತ್ತೆ ಅಂತ ಗೊತ್ತು. ಅವಳಿಗೆ ಎರಡೂ ಗೊತ್ತಿಲ್ಲ. ಬಚ್ಚಲುಮನೆಯ ಬಕೆಟ್ ಹಿಂದೆ ತೂರಿಕೊಂಡು, ಜೊಲ್ಲು ಸುರಿಸುತ್ತಾ, ಇಡೀ ರಾತ್ರಿ ನಡುಗ್ತಾಳೆ. ಉಚ್ಚೆಗೂ ಹೊರಗೆ ಬರಲ್ಲ. ಮರುದಿನ ಮಧ್ಯಾಹ್ನದವರೆಗೆ ಅನ್ನ ಮುಟ್ಟಲ್ಲ.

"ಮಾತ್ರೆ ಕೊಟ್ಟು ಮಲಗಿಸಿ" ಅಂತ ಸಲಹೆ ಕೊಡುವವರಿದ್ದಾರೆ. ಡಾಕ್ಟರನ್ನು ಕೇಳದೆ ಕೊಡುವ ಹಾಗಿಲ್ಲ. ಕೆಲವು ಹಳೆಯ ಮಂಪರಿನ ಔಷಧಗಳು ಮೈಯನ್ನು ಸುಮ್ಮನಾಗಿಸುತ್ತವೆ, ಒಳಗಿನ ಭಯ ಹಾಗೇ ಉಳಿಯುತ್ತೆ ಅಂತ ಪಶುವೈದ್ಯರೇ ಎಚ್ಚರಿಸುತ್ತಾರೆ. ಹೆದರಿಕೆ ಪೂರ್ತಿ ಇದೆ, ಓಡೋಕೆ ಮಾತ್ರ ಕಾಲಿಲ್ಲ. ಇದು ಯಾರಿಗೆ ಸಮಾಧಾನ? ನಮಗೆ, ಅಷ್ಟೇ. ಅದೂ ಅಲ್ಲದೆ, ರಾಗಿಗೆ ಬಚ್ಚಲುಮನೆಯಾದರೂ ಇದೆ. ಅವಳ ಜೊತೆ ಹುಟ್ಟಿ ಬೀದಿಯಲ್ಲೇ ಉಳಿದ ತಮ್ಮಂದಿರಿಗೆ ಯಾವ ಬಚ್ಚಲು, ಯಾವ ಮಾತ್ರೆ?

ಹಾಗಾಗಿ ಹೋದ ದೀಪಾವಳಿಗೆ ರಜೆ ಹಾಕಿ, ಇಬ್ಬರನ್ನೂ ಕಾರಿಗೆ ತುಂಬಿಕೊಂಡು ಕೊಡಗಿಗೆ ಹೊರಟೆ. ವಿರಾಜಪೇಟೆ ಕಡೆ, ಕಾಫಿ ತೋಟದ ನಡುವೆ ಒಂದು ಹೋಂಸ್ಟೇ. ಪೆಟ್ ಫ್ರೆಂಡ್ಲಿ ಅಂತ ಬೋರ್ಡು. ನನ್ನ ಹಾಗೇ ಯೋಚಿಸಿದವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದರು ಅನ್ನಿ. ಅಂಗಳದಲ್ಲಿ ಆಗಲೇ ನಾಲ್ಕು ನಾಯಿಗಳು, ಅವುಗಳ ಹಿಂದೆ ಹನ್ನೆರಡು ಜನ, ಅವರ ಜೊತೆ ಗ್ಯಾಸ್ ಸಿಲಿಂಡರ್ ಎತ್ತರದ ಒಂದು ಬ್ಲೂಟೂತ್ ಸ್ಪೀಕರ್. ನಾಯಿಗಳು ಒಂದನ್ನೊಂದು ನೋಡಿ ಬೊಗಳ್ತಿದ್ದವು. ನಾಯಿಗಳ ಮೇಲೆ ಮಾಲೀಕರು ಕೂಗ್ತಿದ್ದರು. ಇಬ್ಬರ ಸದ್ದನ್ನೂ ಮೀರಿಸುವ ಹಾಗೆ ಹಾಡು. ಬುಟ್ಟಿಯೊಳಗಿದ್ದ ಮೊಸರು ಕೋಣೆ ಸೇರಿದ್ದೇ ಮಂಚದ ಕೆಳಗೆ ಹೋಗಿ ಕೂತಿತು, ಮಾರನೇ ದಿನದವರೆಗೆ ಬರಲಿಲ್ಲ.

ರಾತ್ರಿ ಒಂಬತ್ತೂವರೆಗೆ ಕಾರಿನ ಡಿಕ್ಕಿಯಿಂದ ಪಟಾಕಿ ಡಬ್ಬವೂ ಹೊರಗೆ ಬಂತು. ಗಮನಿಸಿ, ಇವರೆಲ್ಲ ನಾಯಿ ಸಾಕಿದವರು. "ಸಿಟಿ ಗಲಾಟೆ ಬೇಡ ಅಂತ ಬಂದ್ವಿ, ಇಲ್ಲಿ ಯಾರಿಗೂ ಡಿಸ್ಟರ್ಬ್ ಆಗಲ್ವಲ್ಲ" ಅಂತ ಒಬ್ಬರು ನಗುತ್ತಾ ಹೇಳಿದರು. ಮೊದಲ ಸರ ಸಿಡಿದಾಗ ಅವರದೇ ಲ್ಯಾಬ್ರಡಾರ್ ಕಾರಿನ ಕೆಳಗೆ ನುಗ್ಗಿತು. ಎರಡನೆಯದು ಸಿಡಿಯುವಷ್ಟರಲ್ಲಿ ಹೋಂಸ್ಟೇ ಮಾಲೀಕರು ಟಾರ್ಚ್ ಹಿಡಿದು ಓಡಿ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಬಂದವರೇ ಕೇಳಿದ್ದು ಒಂದೇ ಪ್ರಶ್ನೆ: "ಆನೆ ಎಲ್ಲಿ?"

ಯಾರಿಗೂ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಆ ಕಡೆ ತೋಟಕ್ಕೆ ಆನೆ ನುಗ್ಗಿದರೆ ಓಡಿಸೋಕೆ ಪಟಾಕಿ ಹೊಡೀತಾರೆ. ತೋಟದವರೂ ಹೊಡೀತಾರೆ, ಅರಣ್ಯ ಇಲಾಖೆಯವರೂ ಹೊಡೀತಾರೆ. ರಾತ್ರಿ ಪಟಾಕಿ ಸದ್ದು ಕೇಳಿದರೆ ಅದು ಊರಿಗೆ ಎಚ್ಚರಿಕೆ. ಇವರು ಮೋಜಿಗೆ ಹೊಡೆದದ್ದನ್ನು ಕೇಳಿ ಲೈನ್‌ಮನೆಯ ಕೂಲಿಯವರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದರು.

ಅವತ್ತಿನಿಂದ ನನ್ನ ವಾದ ತುಂಬಾ ಸರಳವಾಗಿದೆ. ನಾಲ್ಕು ಟನ್ ತೂಕದ ಆನೆಯನ್ನು ಹಿಂದಕ್ಕೆ ತಿರುಗಿಸೋಕೆ ನಾವು ಬಳಸುವ ಸಾಧನ ಇದು. ಪ್ರಾಣಿ ಹೆದರುತ್ತೆ ಅನ್ನೋದು ಗೊತ್ತಿದ್ದೇ, ಹೆದರಲಿ ಅಂತಲೇ ಬಳಸೋದು. ಅದೇ ಸಾಧನವನ್ನು ನಗರದಲ್ಲಿ ಹದಿನೈದು ಕೆಜಿ ನಾಯಿಯ ಪಕ್ಕ ಸಿಡಿಸಿ, "ಅಷ್ಟೆಲ್ಲಾ ಹೆದರುತ್ವಾ? ನೀವೇ ಮುದ್ದು ಮಾಡಿ ಹಾಳು ಮಾಡಿದೀರ" ಅಂತೀವಲ್ಲ, ಇದಕ್ಕಿಂತ ದೊಡ್ಡ ಆತ್ಮವಂಚನೆ ಇದೆಯಾ?

ಇನ್ನು ಶ್ರದ್ಧೆಯ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ಜಗಳ ಶುರುವಾಗೋದೇ ಅಲ್ಲಿ. ಮರುದಿನ ಬೆಳಗ್ಗೆ ಆ ಹಿರಿಯರು ನನ್ನನ್ನು ಊರಿನ ದೇವರಕಾಡಿಗೆ ಕರೆದುಕೊಂಡು ಹೋದರು. ಗೊತ್ತಿಲ್ಲದವರಿಗೆ ಒಂದು ಮಾತು: ಕೊಡಗಿನ ಊರೂರುಗಳಲ್ಲಿ ದೇವರ ಹೆಸರಲ್ಲಿ ಬಿಟ್ಟ ಕಾಡುಗಳಿವೆ. ಇಡೀ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು. ಕೆಲವು ಒಂದೆರಡು ಎಕರೆ, ಕೆಲವು ದೊಡ್ಡವು. ಅಲ್ಲಿ ಮರ ಕಡಿಯುವ ಹಾಗಿಲ್ಲ, ಬೇಟೆಯಾಡುವ ಹಾಗಿಲ್ಲ. ಒತ್ತುವರಿಯಲ್ಲಿ ಕರಗಿದ ಕಾಡೂ ಸಾಕಷ್ಟಿದೆ, ಉಳಿದದ್ದು ಉಳಿದದ್ದೇ ದೇವರ ಭಯಕ್ಕೆ. ಅಂಚಿನಲ್ಲಿ ಚಪ್ಪಲಿ ಬಿಟ್ಟು, "ಇವಳನ್ನ ಇಲ್ಲೇ ಕಟ್ಟಿ ಬರ್ಲಾ?" ಅಂತ ಕೇಳಿದೆ. "ಯಾಕಮ್ಮ? ಒಳಗಿರೋದೆಲ್ಲ ಅವಳ ಕಡೆಯವರೇ" ಅಂದರು.

ಒಳಗೆ ಹೋಗಿ ನೋಡಿದರೆ ಗೋಪುರವಿಲ್ಲ, ಮಾಡೂ ಇಲ್ಲ. ಮರದ ಬುಡದಲ್ಲಿ ಕಲ್ಲು. ಅದರ ಸುತ್ತ ಮಣ್ಣಿನ ನಾಯಿಗಳು. ಹತ್ತಿಪ್ಪತ್ತಲ್ಲ, ರಾಶಿ ರಾಶಿ. ಪಾಚಿ ಹಿಡಿದವು, ಕಿವಿ ಮುರಿದವು, ಅರ್ಧ ಮಣ್ಣಲ್ಲಿ ಹೂತು ಹೋದವು, ಮೇಲೆ ಇನ್ನೂ ಕೆಂಪು ಮಾಸದ ಹೊಸವು. ಕೊಡಗಿನ ಅಯ್ಯಪ್ಪ ಬೇಟೆಯ ದೇವರು. ಹರಕೆ ಹೊತ್ತವರು ಅವನಿಗೆ ಮಣ್ಣಿನ ನಾಯಿ ಒಪ್ಪಿಸುವುದು ಅಲ್ಲಿನ ಪದ್ಧತಿ. ಯಾರದೋ ಮಗುವಿನ ಜ್ವರ, ಯಾರದೋ ಕಳೆದುಹೋದ ದನ, ಯಾರದೋ ಕೋರ್ಟು ಕೇಸು, ಎಲ್ಲವೂ ನಾಯಿಯ ರೂಪದಲ್ಲಿ ಸುಮ್ಮನೆ ಕೂತಿವೆ.

ಕಾಡಲ್ಲಿ ಸದ್ದೇ ಇರಲಿಲ್ಲ ಅಂತಲ್ಲ. ಜೀರುಂಡೆಗಳಿದ್ದವು. ಮೇಲಿನ ಎಲೆಯಿಂದ ಕೆಳಗಿನ ಎಲೆಗೆ ನೀರು ತೊಟ್ಟಿಕ್ಕುತ್ತಿತ್ತು. ಭೀಮರಾಜ ಹಕ್ಕಿ ಇನ್ಯಾವುದೋ ಹಕ್ಕಿಯ ದನಿ ಅಣಕಿಸುತ್ತಿತ್ತು. ದೂರದಲ್ಲಿ ಮಂಗಟ್ಟೆಯ ಕೇಕೆ. ಆದರೆ ಯಾವ ಸದ್ದೂ ಇನ್ನೊಂದರ ಮೇಲೆ ಬೀಳ್ತಿರಲಿಲ್ಲ. ಹಿಂದಿನ ರಾತ್ರಿಯಿಂದ ಬಾಲ ಒಳಗೆ ಸೇರಿಸಿಕೊಂಡಿದ್ದ ರಾಗಿ ಗದ್ದವನ್ನು ನೆಲಕ್ಕೆ ಆನಿಸಿ ಮಲಗಿದಳು. ಕಿವಿಗಳು ಸಡಿಲವಾದವು. ನಾನೂ ಪಕ್ಕದಲ್ಲಿ ಕೂತೆ. ಏನೂ ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ. ದೊಡ್ಡದೊಂದರ ಮನೆಯಲ್ಲಿ ನಾವಿಬ್ಬರೂ ಅತಿಥಿಗಳು, ಮೆತ್ತಗೆ ನಡೆಯಬೇಕು ಅನ್ನೋ ಭಾವ ಮಾತ್ರ ಇತ್ತು. ನಂಬಿಕೆ ಅನ್ನೋದಕ್ಕೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಅರ್ಥ ಇಲ್ಲ.

ದೇವರಕಾಡು ಕಲಿಸೋದು ಇಷ್ಟೇ: ಮಾಡದೆ ಇರುವುದೂ ಪೂಜೆ. ಕಡಿಯದೆ ಬಿಡೋದು, ಹೊಡೆಯದೆ ಬಿಡೋದು, ಕಡ್ಡಿಯನ್ನೂ ಮನೆಗೆ ಒಯ್ಯದೆ ಬಿಡೋದು. ಇದು ಕಾಡಿನವರ ವಿಚಿತ್ರ ಪದ್ಧತಿಯೂ ಅಲ್ಲ. ಏಕಾದಶಿಗೆ ಉಣ್ಣದೆ ಇರುತ್ತೇವೆ. ಮೌನವ್ರತ ಅಂತ ಮಾತಾಡದೆ ಇರುತ್ತೇವೆ. ಬಿಟ್ಟುಕೊಡುವುದರಲ್ಲಿ ಭಕ್ತಿ ಇದೆ ಅಂತ ನಮ್ಮಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮಗೆ ಮಾತ್ರ ಬಿಟ್ಟುಕೊಡು ಅಂದ ತಕ್ಷಣ ಧರ್ಮಕ್ಕೆ ಅಪಾಯ ಬಂದುಬಿಡುತ್ತೆ.

"ಹಾಗಾದರೆ ಕೊಡಗಿನಲ್ಲಿ ಸದ್ದೇ ಇಲ್ವಾ? ಅವರು ಕೋವಿ ಹಾರಿಸಲ್ವಾ?" ಅಂತ ಕೇಳಬಹುದು. ಹಾರಿಸ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಅನ್ನೋದು ಹಳೆಯ ಕಟ್ಟಳೆ. ಎಣಿಕೆ ಇದೆ, ಅರ್ಥ ಇದೆ. ಕೇಳಿಸಿಕೊಂಡವರಿಗೆ ಅದೊಂದು ಸುದ್ದಿ. ಹತ್ತು ಸಾವಿರದ ಸರ ಯಾರಿಗೆ ಯಾವ ಸುದ್ದಿ ಮುಟ್ಟಿಸುತ್ತೆ? ಈ ಮನೆಯಲ್ಲಿ ದುಡ್ಡಿದೆ ಅನ್ನೋದೊಂದು ಬಿಟ್ಟು?

ಸಂಪ್ರದಾಯದ ಮಾತು ಬಂದಿದ್ದಕ್ಕೆ ಹೇಳ್ತೀನಿ. ಮುಂದಿನ ಸಲ ಕಬ್ಬನ್ ಪಾರ್ಕಿಗೆ ನಾಯಿ ಕರೆದುಕೊಂಡು ಹೋದಾಗ ಮಗ್ಗುಲಲ್ಲೇ ಇರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಹೋಗಿ ಬನ್ನಿ (ನಾಯಿಯನ್ನು ಯಾರ ಕೈಗಾದರೂ ಕೊಟ್ಟು!). ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿದೆ, ಕ್ರಿ.ಶ. 949-50ರದ್ದು. ಗಂಗರ ಬೂತುಗನ ಬಂಟ ಮಣಲೇರನ ಬಳಿ ಕಾಳಿ ಅನ್ನೋ ಬೇಟೆನಾಯಿ ಇತ್ತು. ಅದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ಸತ್ತು ನಾಯಿಯೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ತಪ್ಪಬಾರದು ಅಂತ ಶಾಸನದಲ್ಲೇ ಕೆತ್ತಿಸಿದರು. ಸಾವಿರ ವರ್ಷದ ಹಿಂದಿನ ಕನ್ನಡಿಗರು ನಾಯಿಗೆ ಪೂಜೆ ಕಟ್ಟಿಕೊಟ್ಟಿದ್ದರು. ಆಗ ನಮ್ಮ ನಾಡಿಗೆ ಸಿಡಿಮದ್ದೇ ಬಂದಿರಲಿಲ್ಲ. ಶಿವಕಾಶಿಯ ಪಟಾಕಿ ಉದ್ಯಮ ಬೆಳೆದದ್ದು ಕಳೆದ ಶತಮಾನದಲ್ಲಿ. ಈಗ ಹೇಳಿ, ಯಾವುದು ಹಳೆಯದು, ಯಾವುದು ನಿನ್ನೆ ಮೊನ್ನೆಯದು?

ನೇಪಾಳದಲ್ಲಿ ನಮ್ಮ ದೀಪಾವಳಿಯ ಹೊತ್ತಿಗೇ ತಿಹಾರ್ ಹಬ್ಬ ಬರುತ್ತೆ. ಅದರ ಎರಡನೇ ದಿನ ಕುಕುರ್ ತಿಹಾರ್. ನಾವು ನರಕ ಚತುರ್ದಶಿ ಮಾಡೋ ದಿನವೇ ಅವರು ನಾಯಿಗೆ ಹೂಮಾಲೆ ಹಾಕಿ, ಹಣೆಗೆ ತಿಲಕ ಇಟ್ಟು, ಒಳ್ಳೆ ಊಟ ಬಡಿಸ್ತಾರೆ. ಮನೆ ನಾಯಿಗೂ ಸರಿ, ಬೀದಿ ನಾಯಿಗೂ ಸರಿ. ಅವರೇನು ಬೇರೆ ದೇವರನ್ನು ನಂಬ್ತಾರಾ? ಭೈರವನ ವಾಹನ ನಾಯಿ ಅಂತ ನಮಗೂ ಗೊತ್ತು. ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂದ ಧರ್ಮರಾಯನ ಕಥೆ ನಮಗೂ ಗೊತ್ತು. ಕಥೆ ಹೇಳುವಾಗ ಧರ್ಮರಾಯ, ಹಬ್ಬ ಮಾಡುವಾಗ ನಾಯಿಯ ಬಾಲಕ್ಕೆ ಪಟಾಕಿ.

"ನಮ್ಮ ಹಬ್ಬಕ್ಕೆ ಮಾತ್ರ ಯಾಕೆ, ಅವರದಕ್ಕೆ ಯಾಕಿಲ್ಲ?" ಸರಿ, ಎಲ್ಲರಿಗೂ ಹಾಕೋಣ. ಶಬ್ದಮಾಲಿನ್ಯ ನಿಯಮಗಳು 2000ದಿಂದಲೇ ಇವೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಅದರಲ್ಲಿ ಯಾವ ಜಾತಿ ಧರ್ಮದ ಹೆಸರೂ ಇಲ್ಲ. ಗುಡಿ, ಮಸೀದಿ, ಚರ್ಚು, ಪಬ್ಬು, ರಾಜಕೀಯ ಪಕ್ಷ, ಎಲ್ಲರಿಗೂ ಒಂದೇ ಅಳತೆ. ಪಕ್ಕದವನ ಮೈಕು ನಿಲ್ಲಿಸಬೇಕು ಅಂತ ನಿಮಗೆ ನಿಜವಾಗಿಯೂ ಅನ್ನಿಸಿದರೆ ನಾನೂ ಸಹಿ ಹಾಕ್ತೀನಿ. ಅವನು ನಿಲ್ಲಿಸೋವರೆಗೆ ನಾನೂ ನಿಲ್ಲಿಸಲ್ಲ ಅಂದರೆ ಅದು ಹಟ. ಹಟಕ್ಕೆ ದೇವರ ಹೆಸರು ಇಡಬೇಡಿ.

ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದಿನ ಪಟಾಕಿ ಕೂಡದು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. 2018ರಲ್ಲಿ ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತು ಅಂತ ಎರಡೇ ಗಂಟೆ ಕೊಟ್ಟಿತು. ಹಸಿರು ಪಟಾಕಿ ಬಂತು, ಸಂತೋಷ. ಅದರ ಹೊಗೆಯ ಕಣಗಳು ಸುಮಾರು ಶೇ. 30 ಕಡಿಮೆ. ಆದರೆ ಪಟಾಕಿಗೆ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್‌ವರೆಗೆ ಕಾನೂನೇ ಅವಕಾಶ ಕೊಟ್ಟಿದೆ. ಡೆಸಿಬಲ್ ಲೆಕ್ಕದಲ್ಲಿ ಪ್ರತಿ ಹತ್ತಕ್ಕೂ ಶಬ್ದದ ಶಕ್ತಿ ಹತ್ತು ಪಟ್ಟು. ಅಂದರೆ 55ಕ್ಕೂ 125ಕ್ಕೂ ಇರುವ ಅಂತರ ಒಂದು ಕೋಟಿ ಪಟ್ಟು. ಒಂದು ದಿನವಿಡೀ ಇರುವ ಸದ್ದಿನ ಸರಾಸರಿ, ಇನ್ನೊಂದು ಕ್ಷಣದ ಸಿಡಿತ, ಒಪ್ಪಿದೆ. ಹೆದರಿದ ಕಿವಿಗೆ ಆ ಕ್ಷಣವೇ ಸಾಕು.

"ಪಟಾಕಿ ನಿಂತರೆ ಬಡವರ ಕೆಲಸ ಹೋಗುತ್ತೆ" ಅನ್ನುವವರು 2023ರ ಅಕ್ಟೋಬರ್ 7ನ್ನು ನೆನಪಿಸಿಕೊಳ್ಳಲಿ. ನಮ್ಮದೇ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜನ ಸುಟ್ಟುಹೋದರು. ಬಹಳಷ್ಟು ಜನ ತಮಿಳುನಾಡಿನಿಂದ ಹಬ್ಬದ ಸೀಸನ್ನಿಗೆ ದುಡಿಯೋಕೆ ಬಂದ ಹುಡುಗರು. ಅದಾದ ಮೇಲೆ ಮದುವೆ, ಗಣೇಶೋತ್ಸವ, ರಾಜಕೀಯ ಮೆರವಣಿಗೆಗಳಲ್ಲಿ ಪಟಾಕಿ ಇಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ನಿಮ್ಮ ಬೀದಿಯಲ್ಲಿ ನಿಂತಿದೆಯಾ? ನಮ್ಮ ಬೀದಿಯಲ್ಲಿ ನಿಂತಿಲ್ಲ.

ಕೊನೆಯದಾಗಿ, ಪಟಾಕಿ ಪಕ್ಷದ ಮೆಚ್ಚಿನ ಪರಿಹಾರ: "ಅಷ್ಟು ಕಷ್ಟ ಆದ್ರೆ ನಾಲ್ಕು ದಿನ ಊರು ಬಿಟ್ಟು ಹೋಗಿ." ನಾನು ಹೋಗಬಲ್ಲೆ. ನನಗೆ ಕಾರಿದೆ, ರಜೆ ಇದೆ, ಹೋಂಸ್ಟೇಗೆ ಕೊಡೋಕೆ ದುಡ್ಡಿದೆ. ಗೇಟಿನಲ್ಲಿ ಕೂತ ಸೆಕ್ಯುರಿಟಿಯವರು ಎಲ್ಲಿಗೆ ಹೋಗ್ತಾರೆ? ಎರಡನೇ ಮಹಡಿಯ, ಆಕ್ಸಿಜನ್ ಹಚ್ಚಿಕೊಂಡ ಅಜ್ಜಿ ಎಲ್ಲಿಗೆ ಹೋಗ್ತಾರೆ? ಹತ್ತು ದಿನದ ಕೂಸು, ಬೀದಿಯ ನಾಯಿ, ಮರದ ಮೇಲಿನ ಕಾಗೆ? ಅಲ್ಲದೆ, ನಾವು ಊರು ಬಿಟ್ಟು ಹೋದಾಗ ಏನಾಗುತ್ತೆ ಅಂತ ಮೇಲೆ ಹೇಳಿದೆನಲ್ಲ. ಗದ್ದಲವೂ ನಮ್ಮ ಡಿಕ್ಕಿಯಲ್ಲೇ ಬರುತ್ತೆ. ಕಾಡಿಗೆ ಸ್ಪೀಕರ್ ಹೊತ್ತುಕೊಂಡು ಹೋಗುವ ನಾಯಿಪ್ರೇಮಿಗೂ ನಡುರಾತ್ರಿ ಸರ ಹಚ್ಚುವ ಭಕ್ತನಿಗೂ ನನ್ನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಇಬ್ಬರೂ ತಮ್ಮದಲ್ಲದ ಕಿವಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ.

ಅದಕ್ಕೇ ಈ ಸಲ ನಾನು ಬೆಂಗಳೂರಿನಲ್ಲೇ ಇರ್ತೀನಿ. ಕೇಳೋದು ಪಟಾಕಿಯ ನಿಷೇಧವನ್ನಲ್ಲ. ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ನಾನು ಇಡೋ ಬೇಡಿಕೆಗಳು ನಾಲ್ಕೇ. ಹೊಡೆಯುವುದಾದರೆ ಎಂಟರಿಂದ ಹತ್ತು, ಪಕ್ಕದ ಮೈದಾನದಲ್ಲಿ, ಕಟ್ಟಡಗಳ ನಡುವೆ ಬೇಡ. ಸದ್ದಿನವನ್ನು ಬಿಟ್ಟು ಸುರುಸುರು ಬತ್ತಿ, ಹೂಕುಂಡ ತನ್ನಿ, ಮಕ್ಕಳಿಗೆ ಬೇಕಾಗಿರೋದು ಬೆಳಕೇ. ಆ ಮೂರು ರಾತ್ರಿ ಬೇಸ್‌ಮೆಂಟಿನ ಗೇಟು ತೆರೆದಿಟ್ಟು, ಎರಡು ಗೋಣಿಚೀಲ ಹಾಸಿ, ಬೀದಿಯ ನಾಯಿಗಳನ್ನು ಒಳಗೆ ಬಿಡಿ. ಹತ್ತಾದ ಮೇಲೆ ಸದ್ದು ಬೇಡ, ಅದು ಕೋರ್ಟಿನ ಮಾತು, ನನ್ನದಲ್ಲ.

ಇಷ್ಟಕ್ಕೆ ಯಾವ ದೇವರು ಮುನಿಸಿಕೊಳ್ಳುತ್ತಾನೆ ಅಂತ ಯಾರಾದರೂ ಎದ್ದು ನಿಂತು ಹೇಳಲಿ, ಕೇಳಿಸಿಕೊಳ್ಳೋಕೆ ನಾನು ತಯಾರಿದ್ದೇನೆ. ಹಬ್ಬದ ಹೆಸರು ದೀಪಾವಳಿ. ದೀಪ ಉರಿಯುವಾಗ ಸದ್ದು ಮಾಡಲ್ಲ.